ಸದ್ದು ಮಾಡುವ ಮುಚ್ಚಳ

ಕೋಣನಕುಂಟೆ
6 ಜುಲೈ 2025, ಭಾನುವಾರ

ಇಂಚರಾ,

ಈ ಪತ್ರವನ್ನು ನಿಮ್ಮ ಕಾರ್ಖಾನೆಯ ಗೇಟಿನಲ್ಲಿರುವ ಮುನಿಯಣ್ಣ ನಿನ್ನ ಕೈಗೆ ಕೊಡುತ್ತೇನೆಂದು ಒಪ್ಪಿಕೊಂಡಿದ್ದಾರೆ. ಒಂದು ರಸ್ತೆಯ ಅಗಲಕ್ಕೆ ಪತ್ರ ಬರೆಯುವವಳು ಈ ಬೆಂಗಳೂರಿನಲ್ಲಿ ನಾನೊಬ್ಬಳೇ ಇರಬೇಕು. ಏನು ಮಾಡಲಿ? ಫೋನಿನಲ್ಲಾದರೆ ಎರಡನೇ ಮಾತಿಗೆ ನನ್ನ ದನಿ ಏರುತ್ತದೆ, ಮೂರನೆಯದಕ್ಕೆ ನಿನ್ನದು. ಅಲ್ಲದೆ ನನ್ನ ನಂಬರನ್ನು ನೀನು ಬ್ಲಾಕ್ ಮಾಡಿದ್ದೀಯೋ ಇಲ್ಲವೋ ಗೊತ್ತಿಲ್ಲ. ಪರೀಕ್ಷೆ ಮಾಡಿ ನೋಡುವ ಧೈರ್ಯ ನನಗಿಲ್ಲ.

ಏಪ್ರಿಲ್‌ನಲ್ಲಿ ನಾನೂ ನಿಮ್ಮಪ್ಪನೂ ಜಯನಗರದ ಮನೆ ಬಿಟ್ಟು ಇಲ್ಲಿಗೆ ಬಂದೆವು. ಏಳನೇ ಮಹಡಿ. ಬಾಲ್ಕನಿಯಲ್ಲಿ ಕೂತರೆ ನಿಮ್ಮ ಕಾರ್ಖಾನೆಯ ಸೂರು ಅಂಗೈಯಲ್ಲಿಟ್ಟಂತೆ ಕಾಣುತ್ತದೆ. ನೀನು ಬೆಳಿಗ್ಗೆ ಸ್ಕೂಟರಿನಲ್ಲಿ ಬರುವುದೂ ಕಾಣುತ್ತದೆ. ಗೇಟಿನ ಹೊರಗೇ ಹೆಲ್ಮೆಟ್ ತೆಗೆದು, ಕೂದಲು ಕೊಡವಿ, ಆಮೇಲೆ ಒಳಗೆ ಹೋಗುತ್ತೀಯ. ಅಷ್ಟು ಲಾರಿ ಓಡಾಡುವ ರಸ್ತೆಯ ಧೂಳಿನಲ್ಲಿ ನಿಂತು ತೆಗೆಯುವ ಬದಲು ಒಳಗೆ ಹೋಗಿ ತೆಗೆಯಬಾರದೇ?

ಅದಿರಲಿ, ಬರೆದ ಕಾರಣ ಬೇರೆ. ನಮ್ಮ ನಿವಾಸಿಗಳ ಸಂಘದ ಕಾರ್ಯದರ್ಶಿ ಶಾಲಿನಿ ಒಂದು ಅರ್ಜಿ ಹಿಡಿದು ಮನೆಮನೆಗೂ ಬರುತ್ತಿದ್ದಾಳೆ. ಈ ಕಾರ್ಖಾನೆ ಯಾವತ್ತಾದರೂ ಸಿಡಿಯಬಹುದು, ಊರಾಚೆಗೆ ಸಾಗಿಸಬೇಕು ಅಂತ. ನಿಮ್ಮಪ್ಪ ಆಗಲೇ ಸಹಿ ಹಾಕಿದರು. "ನೀವೂ ಹಾಕ್ಬಿಡಿ ಆಂಟಿ, ನಿಮ್ದೊಂದೇ ಬಾಕಿ" ಅಂದಳು. ನಾನು ಮೂವತ್ತು ವರ್ಷ ಕಾಲೇಜಿನ ಲೈಬ್ರರಿ ನೋಡಿಕೊಂಡವಳು, ಓದದೆ ಸಹಿ ಹಾಕುವ ಅಭ್ಯಾಸವಿಲ್ಲ. ಅದು ಯಾಕೆ ಸಿಡಿಯುತ್ತದೆ, ಸಿಡಿಯದ ಹಾಗೆ ಒಳಗಿರುವವರು ಏನು ಮಾಡುತ್ತಾರೆ, ತಿಳಿದುಕೊಂಡು ಹಾಕುತ್ತೇನೆ ಅಂದೆ. ಅಲ್ಲಿ ಆ ಕೆಲಸ ನಿನ್ನದೇ ಅಂತ ಕೇಳಿದ್ದೇನೆ. ಕಾರ್ಖಾನೆ ಎದ್ದು ಹೋದರೆ ನಿನ್ನ ಕೆಲಸವೂ ಹೋಗುತ್ತದೆ ಅನ್ನುವುದು ನನಗೆ ಗೊತ್ತಿದೆ.

ಮೊದಲ ಪ್ರಶ್ನೆ. ನಿಮ್ಮ ಸೂರಿನ ಮೇಲೆ ಒಂದು ದಪ್ಪ ಕೊಳವೆ ಆಕಾಶಕ್ಕೆ ಬಾಯಿ ಮಾಡಿ ನಿಂತಿದೆಯಲ್ಲ, ಅದಕ್ಕೊಂದು ತಗಡಿನ ಮುಚ್ಚಳ. ಆಷಾಢದ ಗಾಳಿಗೆ ಮಧ್ಯಾಹ್ನವೆಲ್ಲ ಟಪ್ ಟಪ್ ಎಂದು ಬಡಿದುಕೊಳ್ಳುತ್ತದೆ. ನಿಮ್ಮಪ್ಪನ ಮಧ್ಯಾಹ್ನದ ನಿದ್ದೆ ಹಾಳಾಗಿದೆ. ಸರಿಯಾಗಿ ಕೂರದ ಮುಚ್ಚಳವನ್ನು ಯಾಕೆ ಇಟ್ಟಿದ್ದೀರಿ?

ಅಮ್ಮ

•

ಕೋಣನಕುಂಟೆ, ಎದುರು ಬದಿ
11 ಜುಲೈ 2025

ಅಮ್ಮನಿಗೆ ನಮಸ್ಕಾರ.

ನಿಮ್ಮ ಪತ್ರ ಸಿಕ್ಕಿತು. ಕೆಲಸದ ಬಗ್ಗೆ ಕೇಳಿದ್ದಕ್ಕೆ ಮಾತ್ರ ಉತ್ತರ ಬರೆಯುತ್ತಿದ್ದೇನೆ. ನಾನು ಎಲ್ಲಿ ಹೆಲ್ಮೆಟ್ ತೆಗೆಯುತ್ತೇನೆ ಎನ್ನುವುದು ಅದರಲ್ಲಿ ಸೇರುವುದಿಲ್ಲ.

ನಾವು ಇಲ್ಲಿ ಪೇಂಟಿಗೆ ಹಾಕುವ ರೆಸಿನ್ ತಯಾರಿಸುತ್ತೇವೆ. ದೊಡ್ಡದೊಂದು ಉಕ್ಕಿನ ಪಾತ್ರೆಯಲ್ಲಿ ರಾಸಾಯನಿಕಗಳು ಒಂದರೊಡನೊಂದು ಕೂಡುತ್ತವೆ. ಆ ಪಾತ್ರೆಗೆ ರಿಯಾಕ್ಟರ್ ಎನ್ನುತ್ತಾರೆ. ಒಳಗಿನ ಒತ್ತಡ ಮಿತಿ ಮೀರಿದರೆ ಪಾತ್ರೆಯೇ ಹರಿದುಹೋಗಬಹುದು. ಹಾಗಾಗದಂತೆ ಮೇಲೆ ಒಂದು ತೆಳು ಲೋಹದ ತಗಡು ಕೂರಿಸಿರುತ್ತಾರೆ. ಒತ್ತಡ ಹೆಚ್ಚಾದರೆ ಪಾತ್ರೆಗಿಂತ ಮೊದಲು ಅದು ಒಡೆಯಬೇಕು. ಒಡೆದ ಮೇಲೆ ನುಗ್ಗಿಬರುವುದು ಮೊದಲು ಒಂದು ತೊಟ್ಟಿಗೆ ಹೋಗುತ್ತದೆ, ದ್ರವವೆಲ್ಲ ಅಲ್ಲೇ ಉಳಿಯುತ್ತದೆ, ಆವಿ ನೀರಿನಲ್ಲಿ ತೊಳೆದುಕೊಂಡು ನೀವು ನೋಡುವ ಕೊಳವೆಯಿಂದ ಹೊರಬೀಳುತ್ತದೆ.

ಮುಚ್ಚಳ ಇರುವುದು ಮಳೆನೀರು, ಹಕ್ಕಿಗಳು ಒಳಗೆ ಹೋಗದಿರಲಿ ಎಂದು. ಅದು ಸಡಿಲವಾಗಿರುವುದು ಬೇಜವಾಬ್ದಾರಿಯಿಂದ ಅಲ್ಲ. ಒಳಗಿನಿಂದ ಬರುವುದಕ್ಕೆ ಅದು ಏನೂ ಅಡ್ಡ ಬರದೆ ತೆರೆದುಕೊಳ್ಳಬೇಕು. ಗಾಳಿಗೆ ಬಡಿದುಕೊಳ್ಳುತ್ತಿದೆ ಎಂದರೆ ಸರಿಯಾಗಿದೆ ಎಂದರ್ಥ.

ನನಗೂ ಒಂದು ಪ್ರಶ್ನೆ ಇದೆ. ಬೆಂಗಳೂರಿನಲ್ಲಿ ಇಷ್ಟೊಂದು ಮನೆಗಳಿರುವಾಗ ನೀವು ಈ ಕಾರ್ಖಾನೆಯ ಎದುರಿಗೇ ಯಾಕೆ ಬಂದಿರಿ?

ಇಂಚರ ಸಿದ್ಧಾರ್ಥ
ಸುರಕ್ಷತಾ ವಿಭಾಗ

•

14 ಜುಲೈ 2025

ಇಂಚರಾ,

ನಮಸ್ಕಾರವಂತೆ, ನೀವಂತೆ, ಸುರಕ್ಷತಾ ವಿಭಾಗವಂತೆ. ನಾನೇನು ನಿಮ್ಮಲ್ಲಿಗೆ ತಪಾಸಣೆಗೆ ಬಂದ ಆಫೀಸರೇ? ಹೋಗಲಿ. ಹೊಟ್ಟೆಯಲ್ಲಿ ಒಂಬತ್ತು ತಿಂಗಳು ಹೊತ್ತವಳಿಗೆ ಈ ಮರ್ಯಾದೆಯಾದರೂ ಸಿಕ್ಕಿತಲ್ಲ ಅಂತ ಇಟ್ಟುಕೊಳ್ಳುತ್ತೇನೆ.

ಮನೆ ಯಾಕೆ ಇಲ್ಲಿ ಅಂತ ಕೇಳಿದ್ದೀಯ. ಗಾಳಿ ಬೆಳಕು ಚೆನ್ನಾಗಿದೆ.

ಪತ್ರವನ್ನು ಎರಡು ಸಲ ಓದಿದೆ. ಒಡೆಯುವುದಕ್ಕೆಂದೇ ಒಂದು ತಗಡು ಇಡುತ್ತಾರೆ ಅನ್ನುವುದು ನನಗೆ ಬಹಳ ಹಿಡಿಸಿತು. ಶಾಲಿನಿಗೆ ಹೇಳಿದರೆ "ಕುಕ್ಕರ್ ಸೇಫ್ಟಿ ವಾಲ್ವ್ ಇದ್ದಂಗೆ ತಾನೇ ಆಂಟಿ" ಅಂದು ಅರ್ಜಿ ಮುಂದಿಟ್ಟಳು. ನೀನೂ ಕುಕ್ಕರಿನ ಕಥೆ ಹೇಳಬೇಡ. ಕುಕ್ಕರಿನಲ್ಲಿ ನನಗೆ ತಿಳಿಯದ್ದು ಏನೂ ಉಳಿದಿಲ್ಲ. ಅದರ ಕೆಳಗೆ ಬೆಂಕಿ ಇರುತ್ತದೆ, ಆರಿಸಿದರೆ ಆಯಿತು. ನಿಮ್ಮ ಪಾತ್ರೆಯಲ್ಲಿ ಒತ್ತಡ ಏರಿದರೆ ನೀವೂ ಒಲೆ ಆರಿಸಿ ಕೂರಬಹುದಲ್ಲ? ಆರಿಸಿದರೂ ಏರುತ್ತದೆಯೇ? ಹಾಗಿದ್ದರೆ ಆ ಕಾವು ಎಲ್ಲಿಂದ ಬರುತ್ತದೆ?

ಇನ್ನೊಂದು. ಆ ಕೊಳವೆಯ ಬಾಯಿ ಸರಿಯಾಗಿದೆಯೇ ಅಂತ ದಿನಾ ನೋಡುವವರು ಯಾರು? ನಿಮ್ಮ ಅಂಗಳದಲ್ಲಿ ನಿಂತವರಿಗೆ ಅದು ಕಾಣುವ ಹಾಗಿಲ್ಲ. ನನಗೆ ಮಾತ್ರ ಚೆನ್ನಾಗಿ ಕಾಣುತ್ತದೆ.

ಮತ್ತೊಂದು. ತೊಳೆದುಕೊಂಡು ಹೊರಬೀಳುತ್ತದೆ ಅಂದೆಯಲ್ಲ, ಹೊರಬಿದ್ದದ್ದು ಎಲ್ಲಿಗೆ ಹೋಗುತ್ತದೆ, ನನ್ನ ಬಾಲ್ಕನಿಗೇ ತಾನೇ? ಇದಕ್ಕೆ ಸುತ್ತಿ ಬಳಸಿ ಉತ್ತರ ಬರೆಯಬೇಡ.

ಅಮ್ಮ

•

ಉತ್ತರಹಳ್ಳಿ
2 ಆಗಸ್ಟ್ 2025

ಅಮ್ಮನಿಗೆ,

ತಡವಾಯಿತು. ಪ್ರಶ್ನೆಗಳು ಸುಲಭವಾಗಿರಲಿಲ್ಲ. ನಮ್ಮಲ್ಲಿ ಹೊಸದಾಗಿ ಸೇರುವವರು ಕೂಡ ಒಲೆ ಆರಿಸಿದರೂ ಏರುತ್ತದೆಯೇ ಎಂದು ಕೇಳುವುದಿಲ್ಲ. ನೀವು ಕೇಳಿದಿರಿ ಎಂದು ಮನೆಯಲ್ಲಿ ಹೇಳಿದೆ. "ನಿಮ್ಮಮ್ಮನ್ನ ನಿಮ್ ಶಿಫ್ಟಿಗೆ ಸೇರಿಸ್ಕೊಳ್ಳೋದು ವಾಸಿ" ಅಂದ ಸಿದ್ಧಾರ್ಥ. ಅವನು ಬೇರೆ ಕಡೆ ಕೆಲಸ ಮಾಡುತ್ತಾನೆ, ಆದರೆ ನಮ್ಮ ಕಾರ್ಖಾನೆಯ ವಿಷಯ ಊಟದ ಹೊತ್ತಿಗೆ ದಿನಾ ಕೇಳಿಸಿಕೊಳ್ಳುತ್ತಾನೆ.

ಅಜ್ಜಿ ಎಲೆಅಡಿಕೆಗೆ ಸುಣ್ಣ ಮಾಡಿಕೊಳ್ಳುತ್ತಿದ್ದದ್ದು ನೆನಪಿದೆಯೇ? ಸುಣ್ಣದ ಕಲ್ಲಿಗೆ ತಣ್ಣೀರು ಹಾಕಿದರೆ ಒಲೆಯಿಲ್ಲದೆ ಕೊತಕೊತ ಕುದಿಯುತ್ತಿತ್ತು. ನನ್ನನ್ನು ಹತ್ತಿರ ಬಿಡುತ್ತಿರಲಿಲ್ಲ. ಆ ಕಾವು ಹೊರಗಿನಿಂದ ಬಂದದ್ದಲ್ಲ, ಎರಡು ವಸ್ತು ಕೂಡಿದ್ದರಿಂದ ಹುಟ್ಟಿದ್ದು. ನಮ್ಮ ಪಾತ್ರೆಯಲ್ಲೂ ಹಾಗೆಯೇ. ನಮ್ಮ ಕಷ್ಟ ಬೆಂಕಿ ಹಚ್ಚುವುದರಲ್ಲಿಲ್ಲ, ತಣಿಸುವುದರಲ್ಲಿದೆ. ಪಾತ್ರೆಯ ಸುತ್ತ ತಣ್ಣೀರು ಹರಿಯುತ್ತಲೇ ಇರುತ್ತದೆ. ಎರಡನೆಯ ರಾಸಾಯನಿಕವನ್ನು ತೊಟ್ಟು ತೊಟ್ಟಾಗಿ ಬಿಡುತ್ತೇವೆ, ಬಿಟ್ಟಷ್ಟೂ ಕೂಡಿ ಮುಗಿಯಬೇಕು, ಹುಟ್ಟಿದ ಕಾವನ್ನು ನೀರು ಒಯ್ಯಬೇಕು.

ನನಗೆ ಹೆಚ್ಚು ಭಯ ಹುಟ್ಟಿಸುವುದು ಬೇರೆ. ಒಳಗೆ ಕಲಕುವ ಯಂತ್ರ ನಿಂತುಹೋಯಿತು ಅಂದುಕೊಳ್ಳಿ, ಯಾರೂ ಗಮನಿಸಲಿಲ್ಲ, ತೊಟ್ಟಿಕ್ಕುವುದು ನಡೆದೇ ಇತ್ತು. ಕಲಕದೆ ಇದ್ದರೆ ಕೂಡುವುದಿಲ್ಲ, ಬಿದ್ದದ್ದೆಲ್ಲ ಸುಮ್ಮನೆ ಒಂದು ಕಡೆ ಸೇರುತ್ತ ಹೋಗುತ್ತದೆ. ಕಾವಿಲ್ಲ, ಒತ್ತಡವಿಲ್ಲ, ಎಲ್ಲ ಶಾಂತವಾಗಿದೆ ಅನ್ನಿಸುತ್ತದೆ. ಆಮೇಲೆ ಯಾರೋ ಬಂದು ಯಂತ್ರ ಶುರು ಮಾಡುತ್ತಾರೆ. ಅಷ್ಟು ಹೊತ್ತು ಸೇರಿದ್ದೆಲ್ಲ ಒಂದೇ ಸಲಕ್ಕೆ ಕೂಡುತ್ತದೆ. ಆಗ ಯಾವ ತಣ್ಣೀರೂ ಸಾಲುವುದಿಲ್ಲ. ಅದಕ್ಕೇ ಕಲಕುವುದು ನಿಂತ ಕೂಡಲೇ ತೊಟ್ಟಿಕ್ಕುವುದೂ ತಾನಾಗಿ ನಿಲ್ಲುವಂತೆ ಮಾಡಿಸಿದ್ದೇವೆ. ನಿಜವಾಗಿ ನಿಲ್ಲುತ್ತದೆಯೇ ಎಂದು ನಾನೇ ಆಗಾಗ ಪರೀಕ್ಷಿಸುತ್ತೇನೆ. ಇಷ್ಟೆಲ್ಲ ಕೈಕೊಟ್ಟರೆ ಕೊನೆಗೆ ಆ ತಗಡು, ಆ ಕೊಳವೆ. ತಗಡು ಒಡೆಯದಂತೆ ನೋಡಿಕೊಳ್ಳುವುದು ನನ್ನ ಕೆಲಸ. ಒಡೆದರೆ ದಾರಿ ತೆರೆದಿರುವಂತೆ ನೋಡಿಕೊಳ್ಳುವುದೂ ನನ್ನದೇ.

ಕೊಳವೆಯ ಬಾಯಿಯನ್ನು ವರ್ಷಕ್ಕೊಮ್ಮೆ ಏಣಿ ಹತ್ತಿ ನೋಡುತ್ತೇವೆ. ದಿನಾ ಯಾರೂ ನೋಡುವುದಿಲ್ಲ. ಬರೆಯುವಾಗ ಇದು ಸಾಲದು ಅನ್ನಿಸಿತು.

ಬಾಲ್ಕನಿಯ ಪ್ರಶ್ನೆ. ಹೌದು, ಗಾಳಿ ನಿಮ್ಮ ಕಡೆಗಿದ್ದರೆ ವಾಸನೆ ಬರುತ್ತದೆ. ತೊಳೆದರೂ ಪೂರ್ತಿ ಹೋಗುವುದಿಲ್ಲ. ಅಂಥ ದಿನ ನಿಮಗೆಲ್ಲ ಕಿಟಕಿ ಮುಚ್ಚಿ ಒಳಗಿರಿ ಎಂದು ಹೇಳಿಕಳಿಸಬೇಕಾಗುತ್ತದೆ. ನಾನು ಸೇರಿದ ಮೇಲೆ ಅಂಥ ದಿನ ಬಂದಿಲ್ಲ. ಬರುವುದೇ ಇಲ್ಲ ಎಂದು ಬರೆದುಕೊಡಲಾರೆ. ಇದನ್ನು ಓದಿ ನೀವು ಸಹಿ ಹಾಕಿದರೆ ನಾನು ಬೇಸರಪಟ್ಟುಕೊಳ್ಳುವುದಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೂ ಸತ್ಯ ಇದೇ.

ಇಂಚರ

•

28 ಆಗಸ್ಟ್ 2025

ಇಂಚರಾ,

ಗೌರಿ ಹಬ್ಬ ಮುಗಿಯಿತು, ನಿನ್ನೆ ಗಣೇಶನೂ ಆಯಿತು. ಈ ಪತ್ರದ ಜೊತೆ ಒಂದು ಡಬ್ಬಿ ಇದೆ, ಕರಿಗಡುಬು. ಮುನಿಯಣ್ಣ ಅದನ್ನು ಮೂಸಿ ನೋಡಿ, "ಮೇಡಂ, ಒಳಗೆ ತಿಂಡಿ ಬಿಡೋ ಹಂಗಿಲ್ಲ, ಮೇಡಂದೇ ರೂಲು" ಅಂದರು. ಆ ರೂಲು ಮಾಡಿದ ಮೇಡಂ ಯಾರು ಅಂತ ಕೇಳಬೇಕಾಗಲಿಲ್ಲ. ಸಂಜೆ ಹೊರಡುವಾಗ ತೆಗೆದುಕೊಂಡು ಹೋಗು. ಮನೆಯಲ್ಲಿ ಎಲ್ಲರಿಗೂ ಸಾಲುವಷ್ಟಿದೆ.

ಡಬ್ಬಿಯ ಕೆಳಗಿನ ಚೀಲದಲ್ಲಿ ಬಾಗಿನ ಇದೆ. ಮದುವೆಯಾದ ಮಗಳಿಗೆ ಗೌರಿ ಹಬ್ಬಕ್ಕೆ ತವರಿನಿಂದ ಹೋಗಬೇಕಾದದ್ದು. ಹೋದ ವರ್ಷ ಕಳಿಸಲಿಲ್ಲ, ಅದರ ಹಿಂದಿನ ವರ್ಷವೂ ಕಳಿಸಲಿಲ್ಲ. ಎರಡು ಸಲವೂ ಮೊರ ತಂದಿಟ್ಟಿದ್ದೆ.

ನಿನ್ನ ಪತ್ರ ಬಂದ ಮೇಲೆ ನಾನು ಬೆಳಿಗ್ಗೆ ಕಾಫಿ ಹಿಡಿದು ಬಾಲ್ಕನಿಗೆ ಹೋದಾಗ ಮೊದಲು ಕೊಳವೆಯ ಬಾಯಿ ನೋಡುತ್ತೇನೆ. ಗೊರವಂಕವೊಂದು ಮುಚ್ಚಳದ ಮೇಲೆ ಕೂತಿರುತ್ತದೆ, ಗಾಳಿ ಬಂದು ಮುಚ್ಚಳ ಎದ್ದರೆ ಬೈದುಕೊಂಡು ಹಾರಿಹೋಗುತ್ತದೆ. ಕಲಕದೆ ಸೇರುತ್ತ ಹೋಗುವ ವಿಷಯವನ್ನು ನಾನು ಬಹಳ ಯೋಚಿಸಿದೆ. ಎಲ್ಲ ಶಾಂತವಾಗಿದೆ ಅನ್ನಿಸುವ ಹೊತ್ತೇ ಹೆಚ್ಚು ಅಪಾಯದ್ದು ಅನ್ನುವುದು ನನಗೆ ಗೊತ್ತಿರಲಿಲ್ಲ.

ಒಂದು ವಿಷಯ ಹೇಳಿಬಿಡುತ್ತೇನೆ. ಮುಚ್ಚಳದ ಸದ್ದಿನ ಬಗ್ಗೆ ನಿಮ್ಮಪ್ಪ ನಿಮ್ಮ ಮ್ಯಾನೇಜರಿಗೆ ದೂರು ಬರೆದಿದ್ದಾರೆ. ಸಂಘದ ಕಾಗದದಲ್ಲಿ, ಸೀಲು ಹಾಕಿಸಿ. ಅದು ಸಡಿಲವಾಗಿಯೇ ಇರಬೇಕಂತೆ ಅಂತ ನಾನು ಹೇಳಿದೆ. "ನಿನಗ್ಯಾರು ಹೇಳಿದ್ದು?" ಅಂದರು. ನಾನು ಸುಮ್ಮನಾದೆ. ಈ ಪತ್ರಗಳ ಸಂಗತಿ ಅವರಿಗೆ ತಿಳಿಸಿಲ್ಲ. ನಿನ್ನ ಮದುವೆಯ ದಿನವೂ ಹೀಗೆಯೇ ಸುಮ್ಮನಿದ್ದೆ.

ಇನ್ನೂ ಸಹಿ ಹಾಕಿಲ್ಲ. ಶಾಲಿನಿ ಭಾನುವಾರ ಭಾನುವಾರ ಬರುತ್ತಾಳೆ, ಕಾಫಿ ಕುಡಿದು ಹೋಗುತ್ತಾಳೆ.

ಅಮ್ಮ

•

24 ಸೆಪ್ಟೆಂಬರ್ 2025, ಬುಧವಾರ

ಇಂಚರಾ,

ನೀನು ಉತ್ತರ ಬರೆದಿಲ್ಲ. ಡಬ್ಬಿ ಮಾತ್ರ ತೊಳೆದು, ಒಳಗೆ ಒಂದು ಹಿಡಿ ಸಕ್ಕರೆ ಹಾಕಿ ವಾಪಸು ಕಳಿಸಿದ್ದೀಯ. ಅದನ್ನು ಆಮೇಲೆ ಮಾತಾಡೋಣ, ಇದನ್ನು ಈಗಲೇ ಓದು. ಕೂಡಲೇ ನಿನ್ನ ಕೈಗೆ ಮುಟ್ಟಿಸಬೇಕೆಂದು ಮುನಿಯಣ್ಣನಿಗೆ ಹೇಳಿ ಗೇಟಿನಲ್ಲೇ ನಿಂತಿದ್ದೇನೆ.

ದಸರೆಗೆ ಗೊಂಬೆ ಕೂರಿಸುವ ಗಡಿಬಿಡಿಯಲ್ಲಿ ಕೆಲವು ದಿನ ಬಾಲ್ಕನಿಗೆ ಸರಿಯಾಗಿ ಹೋಗಿರಲಿಲ್ಲ. ಇವತ್ತು ಬೆಳಿಗ್ಗೆ ನಿಮ್ಮಪ್ಪ, "ಈಗೀಗ ಚೆನ್ನಾಗಿ ನಿದ್ದೆ ಬರ್ತಿದೆ ಕಣೆ, ಸದ್ದೇ ಇಲ್ಲ" ಅಂದರು. ಗಾಳಿ ಇಲ್ಲವೇನೋ ಅಂತ ಹೊರಗೆ ಬಂದು ನೋಡಿದೆ. ಗಾಳಿ ಇದೆ. ಒಣಗಿಸಿದ ಸೀರೆ ಹಾರುತ್ತಿದೆ. ನಿಮ್ಮ ಮುಚ್ಚಳ ಅಲ್ಲಾಡುತ್ತಿಲ್ಲ.

ಆಯುಧಪೂಜೆಗೆ ಅಂತ ಸೂರಿನ ಮೇಲೆ ಎಲ್ಲದಕ್ಕೂ ಬಣ್ಣ ಹೊಡೆಸಿದ್ದೀರಿ, ಕೊಳವೆಗೂ ಬೆಳ್ಳಿ ಬಣ್ಣ. ಮುಚ್ಚಳದ ಸುತ್ತ ಬಿಸಿಲಿಗೆ ಏನೋ ಮಿನುಗುತ್ತದೆ. ನಿಮ್ಮಪ್ಪನ ಕ್ರಿಕೆಟ್ ಬೈನಾಕ್ಯುಲರ್ ತಂದು ನೋಡಿದೆ. ತಂತಿ ಸುತ್ತಿ ಬಿಗಿಯಾಗಿ ಕಟ್ಟಿದ್ದಾರೆ. ಗೊರವಂಕ ಅದರ ಮೇಲೆ ಆರಾಮವಾಗಿ ಕೂತಿದೆ.

ಒಳಗಿನಿಂದ ಬರುವುದಕ್ಕೆ ಏನೂ ಅಡ್ಡ ಇರಬಾರದು ಅಂತ ನೀನೇ ಬರೆದಿದ್ದೆ. ನನಗೆ ತಪ್ಪಾಗಿ ಕಂಡಿದ್ದರೆ ಬೈದುಬಿಡು, ನಕ್ಕುಬಿಡು. ಆದರೆ ನೋಡು.

ಅಮ್ಮ

•

26 ಸೆಪ್ಟೆಂಬರ್ 2025

ಅಮ್ಮಾ,

ನಿನಗೆ ತಪ್ಪಾಗಿ ಕಂಡಿರಲಿಲ್ಲ.

ಆ ದಿನ ಪತ್ರವನ್ನು ಗೇಟಿನ ಹತ್ತಿರವೇ ನಿಂತು ಓದಿದೆ. ಅಷ್ಟು ಹೊತ್ತಿಗೆ ಒಳಗೆ ಹೊಸ ಬ್ಯಾಚಿನ ಮೊದಲ ರಾಸಾಯನಿಕ ತುಂಬಿಯಾಗಿತ್ತು, ಎರಡನೆಯದನ್ನು ತೊಟ್ಟಿಕ್ಕಿಸಲು ಶುರು ಮಾಡುವುದರಲ್ಲಿದ್ದರು. ನಿನಗೆ ಒಂದು ಮಾತೂ ಹೇಳದೆ ಒಳಗೆ ಓಡಿದ್ದು ಅದಕ್ಕೇ. ತಡೆಯಿರಿ ಅಂದೆ. ನಮ್ಮ ಮ್ಯಾನೇಜರ್ ನರೇಂದ್ರ ಸಾರ್ ಆಫೀಸಿನಿಂದ ಬಂದರು.

"ಏನಮ್ಮಾ, ಹಬ್ಬದೊಳಗೆ ಆರ್ಡರ್ ಕಳಿಸ್ಬೇಕು, ಈಗ ನಿಲ್ಲಿಸ್ತೀಯಾ?"

"ಮೇಲಿನ ಕೊಳವೆ ಬಾಯಿ ಕಟ್ಟಿದೆ ಸಾರ್."

"ಯಾರು ಹೇಳಿದ್ದು?"

"ಎದುರು ಅಪಾರ್ಟ್‌ಮೆಂಟಿಂದ ನಮ್ಮಮ್ಮ."

ಸುತ್ತ ನಿಂತಿದ್ದವರು ನಗು ತಡೆದುಕೊಂಡರು. ನಾನು ಸೊಂಟಕ್ಕೆ ಬೆಲ್ಟು ಕಟ್ಟಿಕೊಂಡು ಏಣಿ ಹತ್ತಿದೆ. ತಂತಿ ಇತ್ತು. ಕಟ್ಟಡದ ಕಂಬಿ ಬಿಗಿಯುವ ತಂತಿ, ಸುತ್ತಿನ ಮೇಲೆ ಸುತ್ತು, ಇಕ್ಕಳದಲ್ಲಿ ತಿರುಚಿ ಗಂಟು. ಅದರ ಮೇಲೆ ಬೆಳ್ಳಿ ಬಣ್ಣ. ಬಿಜಾಗರಿಯೊಳಗೂ ಬಣ್ಣ ಇಳಿದು ಗಟ್ಟಿಯಾಗಿತ್ತು. ಕತ್ತರಿಸಿ ಕೆಳಗೆ ತಂದು ಸಾರ್ ಮೇಜಿನ ಮೇಲಿಟ್ಟಾಗ ಯಾರೂ ನಗಲಿಲ್ಲ.

ಕಟ್ಟಿಸಿದ್ದು ಸಾರ್ ಅವರೇ. ಅಪ್ಪನ ದೂರು ಬಂದಿತ್ತು. ಅರ್ಜಿಯ ಸುದ್ದಿಯೂ ಅವರ ಕಿವಿಗೆ ಬಿದ್ದಿತ್ತು. ಎದುರಿನವರ ಮನಸ್ಸು ಗೆಲ್ಲೋಣ, ಸಣ್ಣ ಕೆಲಸ ತಾನೇ ಎಂದು ಬಣ್ಣದ ಚಿನ್ನಪ್ಪನಿಗೆ, "ಆ ಮುಚ್ಚಳ ಬಡ್ಕೊಳ್ದಂಗೆ ಏನಾದ್ರೂ ಮಾಡಪ್ಪ" ಅಂದಿದ್ದಾರೆ. ಚಿನ್ನಪ್ಪ ಹೇಳಿದ್ದನ್ನು ಅಚ್ಚುಕಟ್ಟಾಗಿ ಮಾಡಿದ್ದಾರೆ. ಒಬ್ಬರಿಗೂ ಕೆಟ್ಟ ಉದ್ದೇಶವಿರಲಿಲ್ಲ. ಎಲ್ಲರೂ ಇನ್ನೊಬ್ಬರಿಗೆ ತೊಂದರೆಯಾಗದಿರಲಿ ಅಂತಲೇ ಮಾಡಿದ್ದು. ನಮ್ಮಲ್ಲಿ ಒಂದು ನಿಯಮವಿದೆ. ಒಂದು ವಾಲ್ವ್ ಬದಲಿಸಿದರೂ, ಕೊಳವೆ ಒಂದು ಗೇಣು ಸರಿಸಿದರೂ ಮೊದಲು ನನಗೆ ತಿಳಿಸಬೇಕು. ತಂತಿ ಕಟ್ಟುವುದನ್ನು ಬದಲಾವಣೆ ಅಂತ ಯಾರೂ ಅಂದುಕೊಳ್ಳಲಿಲ್ಲ. ಹಬ್ಬದ ಕೆಲಸ ಅಂದುಕೊಂಡರು. ಬಣ್ಣದವರು ಮೇಲೆ ಹತ್ತಿದ್ದು ನನಗೂ ಗೊತ್ತಿತ್ತು. ಇಳಿದ ಮೇಲೆ ನಾನು ಹತ್ತಿ ನೋಡಲಿಲ್ಲ.

ತಂತಿ ಕಟ್ಟಿದ ಮೇಲೆ ಬ್ಯಾಚುಗಳು ನಡೆದಿವೆ. ತಗಡು ಒಡೆದಿದ್ದರೆ ನುಗ್ಗಿಬಂದದ್ದಕ್ಕೆ ದಾರಿ ಸಾಲುತ್ತಿರಲಿಲ್ಲ, ಪಾತ್ರೆ ತಡೆಯುತ್ತಿತ್ತೋ ಇಲ್ಲವೋ ನನಗೆ ಗೊತ್ತಿಲ್ಲ. ಏನೂ ಆಗಲಿಲ್ಲ ನಿಜ. ಏನೂ ಆಗಲಿಲ್ಲ ಅನ್ನುವುದು ನನ್ನ ಕೆಲಸದಲ್ಲಿ ಸಮಾಧಾನದ ಮಾತಲ್ಲ. ಒಳಗೆ ಇಪ್ಪತ್ತು ಜನ ಕೆಲಸ ಮಾಡುತ್ತಿದ್ದರು. ಎದುರಿಗೆ ನೀನು ಗೊಂಬೆ ಕೂರಿಸುತ್ತಿದ್ದೆ.

ಇದನ್ನು ಹೊರಗೆ ಹೇಳಬೇಡ ಎಂದು ಸಾರ್ ಕೇಳಿಕೊಂಡರು. ಭಾನುವಾರ ನಿಮ್ಮ ಸಂಘದ ಸಭೆ, ಅಲ್ಲಿ ಅರ್ಜಿಯ ತೀರ್ಮಾನ ಅಂತ ಅವರಿಗೂ ಗೊತ್ತು. ಹೇಳುತ್ತೇನೆ ಸಾರ್, ನೋಡಿದವರಿಗೆ ಉತ್ತರ ಕೊಡಬೇಕು ಅಂದೆ. ಮೇಜಿನ ಮೇಲಿದ್ದ ತಂತಿಯನ್ನು ನನ್ನ ಕಡೆ ಸರಿಸಿ, "ಬರಿ. ನನ್ನ ಹೆಸರೂ ಬರಿ" ಅಂದರು. ಬರೆದಿದ್ದೇನೆ. ಈ ಪತ್ರವನ್ನು ನೀನು ಸಭೆಯಲ್ಲಿ ಓದಬಹುದು, ಸಹಿ ಹಾಕಬಹುದು. ನನ್ನ ಕೆಲಸದ ಮುಖ ನೋಡಬೇಡ.

ಗೌರಿಯ ಬಾಗಿನಕ್ಕೆ ಉತ್ತರ ಬರೆಯಲು ಮೂರು ಸಲ ಕೂತೆ. ನೀವು ಮದುವೆಗೆ ಬರದೇ ಇದ್ದದ್ದು ಜಾತಿಯ ಕಾರಣಕ್ಕೆ. ಅದನ್ನು ಬರೆಯದೆ ಬೇರೇನು ಬರೆದರೂ ಸುಳ್ಳಾಗುತ್ತಿತ್ತು, ಬರೆದರೆ ನೀನು ಮತ್ತೆ ಬರೆಯುವುದಿಲ್ಲವೇನೋ ಅಂತ ಹೆದರಿಕೆಯಾಗುತ್ತಿತ್ತು. ಈಗ ಬರೆದಿದ್ದೇನೆ. ಮೊರವನ್ನು ಸಿದ್ಧಾರ್ಥನ ಅಮ್ಮ ಬುದ್ಧನ ಪಟದ ಪಕ್ಕದಲ್ಲಿಟ್ಟಿದ್ದಾರೆ. ಡಬ್ಬಿಗೆ ಸಕ್ಕರೆ ಹಾಕಿದ್ದೂ ಅವರೇ. "ತವರಿನ ಡಬ್ಬಿ ಖಾಲಿ ಕಳಿಸ್ಬಾರ್ದು ಕಣಮ್ಮ" ಅಂದರು.

ಇಂಚರ

•

28 ಸೆಪ್ಟೆಂಬರ್ 2025, ಭಾನುವಾರ

ಇಂಚರಾ,

ಸಭೆ ಮುಗಿಸಿ ಬಂದು ಕೂತಿದ್ದೇನೆ. ಕ್ರಮವಾಗಿ ಹೇಳುತ್ತೇನೆ.

ನಿನ್ನ ಪತ್ರ ಬಂದ ಸಂಜೆಯೇ ಎಲ್ಲ ಪತ್ರಗಳನ್ನೂ ನಿಮ್ಮಪ್ಪನ ಮುಂದಿಟ್ಟೆ. ಓದಿ ಮುಗಿಸಿ ಕನ್ನಡಕ ತೆಗೆದು ಒರೆಸುತ್ತಾ ಕೂತರು. ಬೈಯುತ್ತಾರೆ ಅಂದುಕೊಂಡೆ. "ಅಷ್ಟು ಎತ್ತರ ಅವಳೇ ಹತ್ತಿದ್ಲಾ?" ಅಂದರು. ಎರಡು ವರ್ಷದಲ್ಲಿ ನಿನ್ನ ಬಗ್ಗೆ ಅವರು ಆಡಿದ ಮೊದಲ ಮಾತು ಅದು. ಸೊಂಟಕ್ಕೆ ಬೆಲ್ಟು ಕಟ್ಟಿಕೊಂಡಿದ್ದಳಂತೆ ಅಂದೆ. ತಲೆ ಆಡಿಸಿದರು. ಆಮೇಲೆ ಬೈನಾಕ್ಯುಲರ್ ತೆಗೆದುಕೊಂಡು ಬಾಲ್ಕನಿಗೆ ಹೋದವರು ಊಟಕ್ಕೆ ಕರೆಯುವವರೆಗೂ ಬರಲಿಲ್ಲ.

ಇವತ್ತು ಸಭೆಯಲ್ಲಿ ನಾನೇ ಎದ್ದು ನಿಂತು ನಿನ್ನ ಪತ್ರ ಓದಿದೆ. ಮನೆಯ ವಿಷಯ ಬಿಟ್ಟು ಉಳಿದದ್ದೆಲ್ಲ. "ನೋಡಿದ್ರಾ, ನಾನು ಹೇಳಿರ್ಲಿಲ್ವಾ" ಅಂದಳು ಶಾಲಿನಿ. ಅವಳು ಹೇಳಿದ್ದರಲ್ಲಿ ತಪ್ಪಿಲ್ಲ, ಅವಳಿಗೆ ಇಬ್ಬರು ಚಿಕ್ಕ ಮಕ್ಕಳು. ಆಗ ನಿಮ್ಮಪ್ಪ ಎದ್ದರು. "ತಂತಿ ಕಟ್ಟೋದಕ್ಕೆ ಕಾರಣ ನನ್ನ ದೂರು. ಮುಚ್ಚಳ ಯಾಕೆ ಬಡ್ಕೊಳ್ಳುತ್ತೆ ಅಂತ ನಾನು ಕೇಳ್ಲಿಲ್ಲ, ನಿಲ್ಲಿಸಿ ಅಂದೆ ಅಷ್ಟೆ. ಇವಳು ಕೇಳಿದ್ಳು" ಅಂತ ನನ್ನ ಕಡೆ ಕೈ ತೋರಿಸಿದರು. ಸಹಿಯನ್ನು ವಾಪಸು ತೆಗೆದುಕೊಳ್ಳುವ ಹಾಗಿದೆಯೇ ಅಂತ ಶಾಲಿನಿಯನ್ನು ಕೇಳಿದರು. ಇಲ್ಲವಂತೆ.

ನಾನು ಸಹಿ ಹಾಕಲಿಲ್ಲ. ತಪ್ಪು ಮಾಡದ ಕಾರ್ಖಾನೆ ಯಾವುದೂ ಇರಲಿಕ್ಕಿಲ್ಲ, ತಪ್ಪನ್ನು ತಾನೇ ಬರೆದು ಕಳಿಸುವುದು ಎಷ್ಟಿದೆಯೋ ಗೊತ್ತಿಲ್ಲ ಅಂದೆ. ಇದನ್ನು ಓಡಿಸಿದರೆ ಇನ್ಯಾರದೋ ಬಾಲ್ಕನಿಯ ಎದುರು ಹೋಗಿ ನಿಲ್ಲುತ್ತದೆ, ಅಲ್ಲಿ ನೋಡುವವರು ಇರುತ್ತಾರೋ ಇಲ್ಲವೋ ಅಂತಲೂ ಅಂದೆ. ಕೆಲವರು ಒಪ್ಪಿದರು, ಕೆಲವರು ಇಲ್ಲ. ಅರ್ಜಿ ಹೋಗುತ್ತದೆ. ಅದರ ಜೊತೆ ನನ್ನದೂ ನಿಮ್ಮಪ್ಪನದೂ ಇನ್ನೊಂದು ಕಾಗದ ಹೋಗುತ್ತದೆ. ಕಾರ್ಖಾನೆಯವರು ತಿಂಗಳಿಗೊಮ್ಮೆ ನಮ್ಮನ್ನು ಒಳಗೆ ಕರೆದು ತೋರಿಸಬೇಕು, ನಾವು ಕಂಡದ್ದನ್ನು ಅವರಿಗೆ ಹೇಳಬೇಕು ಅಂತ. ಮುಂದೆ ಏನಾಗುತ್ತದೋ ನೋಡೋಣ.

ನಿಮ್ಮ ಮುಚ್ಚಳ ಮತ್ತೆ ಬಡಿದುಕೊಳ್ಳುತ್ತಿದೆ. ಮಧ್ಯಾಹ್ನ ನಿಮ್ಮಪ್ಪ ಮಲಗಿದಲ್ಲಿಂದಲೇ, "ಸದ್ದು ಬರ್ತಿದೆ ತಾನೇ?" ಅಂತ ಕೇಳುತ್ತಾರೆ. ಬರ್ತಿದೆ ಅಂದರೆ ಮಗ್ಗುಲಾಗುತ್ತಾರೆ.

ನೀನು ಜಾತಿ ಅಂತ ಬರೆದೆ. ಹೌದು, ಅದಕ್ಕೇ ಬರಲಿಲ್ಲ. ಬೇರೆ ಹೆಸರಿಟ್ಟು ಮುಚ್ಚುವುದಿಲ್ಲ. ನನಗೆ ನಾಚಿಕೆಯಾಗುತ್ತದೆ. ಸಿದ್ಧಾರ್ಥನ ಅಮ್ಮನಿಗೆ ಸಕ್ಕರೆ ತಲುಪಿತು ಅಂತ ಹೇಳು. ಸಿದ್ಧಾರ್ಥನಿಗೆ ಕರಿಗಡುಬು ಹಿಡಿಸಿತೇ ಅಂತ ಕೇಳಿ ಬರೆ.

ನೀನು ಕೇಳಿದ ಒಂದು ಪ್ರಶ್ನೆಗೆ ನಾನು ಗಾಳಿ ಬೆಳಕು ಅಂತ ಬರೆದಿದ್ದೆ. ಅದು ಉತ್ತರವಲ್ಲ. ಬ್ರೋಕರ್ ಕರೆಪ್ಪ ಎರಡು ಮನೆ ತೋರಿಸಿದ್ದ. ಒಂದು ಯಡಿಯೂರಿನಲ್ಲಿ, ಬಾಗಿಲು ತೆಗೆದರೆ ಕೆರೆ, ಹಕ್ಕಿ, ನಡೆದಾಡಲು ದಾರಿ. ನಿಮ್ಮಪ್ಪನಿಗೆ ಅದೇ ಬೇಕಿತ್ತು. ಇನ್ನೊಂದು ಇದು. ಇಲ್ಲಿಗೆ ಬಂದಾಗ ಕರೆಪ್ಪ ಬಾಲ್ಕನಿಯ ಬಾಗಿಲನ್ನೇ ತೆಗೆಯಲಿಲ್ಲ, ಕಾರ್ಖಾನೆ ಕಂಡರೆ ಕೈಬಿಟ್ಟಾರು ಅಂತ. ನಾನೇ ತೆಗೆದು ನೋಡಿದೆ. ನೀನು ಕೆಲಸ ಮಾಡುವ ಜಾಗದ ಹೆಸರು ಗೇಟಿನ ಮೇಲೆ ದೊಡ್ಡದಾಗಿ ಬರೆದಿತ್ತು. ಮೊಣಕಾಲಿಗೆ ಲಿಫ್ಟ್ ಇರುವ ಮನೆಯೇ ಬೇಕು ಅಂತ ನಿಮ್ಮಪ್ಪನಿಗೆ ಸುಳ್ಳು ಹೇಳಿ ಇದನ್ನೇ ಹಿಡಿಸಿದೆ.

ಅಮ್ಮ

•

ಉತ್ತರಹಳ್ಳಿ
30 ಸೆಪ್ಟೆಂಬರ್ 2025

ಅಮ್ಮಾ,

ನಾಳೆ ಕಾರ್ಖಾನೆಯಲ್ಲಿ ಆಯುಧಪೂಜೆ. ಪಾತ್ರೆಗಳೆಲ್ಲ ಖಾಲಿ, ಯಂತ್ರಗಳೆಲ್ಲ ನಿಂತಿರುತ್ತವೆ, ಮನೆಯವರನ್ನು ಒಳಗೆ ಬಿಡುವುದು ವರ್ಷದಲ್ಲಿ ಅದೊಂದು ದಿನ. ನೀನೂ ಅಪ್ಪನೂ ಬನ್ನಿ. ಸಿದ್ಧಾರ್ಥ ಅವನಮ್ಮನನ್ನು ಕರೆದುಕೊಂಡು ಬರುತ್ತಾನೆ. ಕರಿಗಡುಬು ಇನ್ನೂ ನಾಲ್ಕು ಇರಬೇಕಿತ್ತು ಅನ್ನುವುದು ಅವನ ದೂರು, ಸೀಲು ಹಾಕಿಸಿಲ್ಲ.

ಒಡೆಯುವ ತಗಡನ್ನು ತೋರಿಸುತ್ತೇನೆ, ಹಳೆಯದೊಂದು ನನ್ನ ಮೇಜಿನ ಮೇಲಿದೆ. ಕಲಕುವ ಯಂತ್ರವನ್ನೂ ತೋರಿಸುತ್ತೇನೆ. ಏಣಿ ಹತ್ತಲು ಬಿಡುವುದಿಲ್ಲ, ಕೇಳಲೂಬೇಡ. ಕುಂಬಳಕಾಯಿ ಒಡೆದ ಮೇಲೆ ನೆಲ ಜಾರುತ್ತದೆ, ಹಿಡಿತವಿರುವ ಚಪ್ಪಲಿ ಹಾಕಿಕೊಂಡು ಬಾ. ಕೊಳವೆಗೆ ಮಾತ್ರ ಈ ವರ್ಷ ಹಾರವಿಲ್ಲ. ದಾರವನ್ನೂ ಕಟ್ಟಬೇಡಿ ಎಂದು ಸಾರ್ ಅವರೇ ಎಲ್ಲರಿಗೂ ಹೇಳಿದ್ದಾರೆ. ಇನ್ನು ಮೇಲೆ ವಾರಕ್ಕೊಮ್ಮೆ ಅದರ ಬಾಯಿ ನೋಡಲು ಒಬ್ಬರನ್ನು ನೇಮಿಸಿದ್ದೇವೆ. ಆದರೂ ನೀನು ನೋಡುವುದನ್ನು ಬಿಡಬೇಡ.

ನಿನ್ನ ಮೊದಲ ಪತ್ರದ ಒಂದು ಪ್ರಶ್ನೆಗೆ ನಾನೂ ಉತ್ತರ ಕೊಟ್ಟಿರಲಿಲ್ಲ. ಸ್ಕೂಟರಿನವರು ಗೇಟು ದಾಟಿ, ಗಾಡಿ ನಿಲ್ಲಿಸಿದ ಮೇಲೆಯೇ ಹೆಲ್ಮೆಟ್ ತೆಗೆಯಬೇಕು. ಆ ನಿಯಮ ಬರೆದವಳು ನಾನೇ. ಏಪ್ರಿಲ್‌ನಲ್ಲಿ ಒಂದು ಬೆಳಿಗ್ಗೆ ತಲೆಯೆತ್ತಿದಾಗ ಏಳನೇ ಮಹಡಿಯ ಬಾಲ್ಕನಿಯಲ್ಲಿ ನಿನ್ನ ಹಸಿರು ಸೀರೆ ಒಣಗುತ್ತಿತ್ತು, ಪಕ್ಕದಲ್ಲಿ ನೀನು ನಿಂತಿದ್ದೆ. ಅವತ್ತಿನಿಂದ ನಾನು ಹೊರಗೇ ತೆಗೆಯುತ್ತಿದ್ದೇನೆ, ನಿನಗೆ ನನ್ನ ಮುಖ ಕಾಣಲಿ ಅಂತ.

ನಿನ್ನ
ಇಂಚರ